ಮಿಂಚಿನ ವೇಗದ ಜಾಲತಾಣ: ಬಳಕೆಯ ಕೈಪಿಡಿ (ಎಣ್ಣೂರು ಆವೃತ್ತಿ)

ಪೆಟ್ಟಿಗೆ ಒಡೆಯುವ ಮುನ್ನ

ಅಭಿನಂದನೆಗಳು. ಟೆಂಡರು, ಮರುಟೆಂಡರು, ಆಡಿಟ್ ಆಕ್ಷೇಪಣೆ ಎಲ್ಲವನ್ನೂ ದಾಟಿ ಕೊನೆಗೂ ನಿಮ್ಮ ಸಂಸ್ಥೆ ಹೊಸ ವೆಬ್ ವ್ಯವಸ್ಥೆಯನ್ನು ಕೊಂಡಿದೆ. ಇನ್ನು ಮೇಲೆ ನಿಮ್ಮ ಪುಟ ಲೋಕದ ಯಾವ ಮೂಲೆಯಲ್ಲಾದರೂ ರಪ್ಪನೆ ತೆರೆದುಕೊಳ್ಳುತ್ತದೆ. ಪುಟದಲ್ಲಿ ಏನಿರಬೇಕು ಎಂಬುದು ಟೆಂಡರಿನ ವ್ಯಾಪ್ತಿಗೆ ಬರುವುದಿಲ್ಲ. ದಯವಿಟ್ಟು ಮಾರಾಟ ಪ್ರತಿನಿಧಿಯನ್ನು ಆ ಬಗ್ಗೆ ಕೇಳಿ ಮುಜುಗರಪಡಿಸಬೇಡಿ.

ಚೆನ್ನೈನ ಉತ್ತರ ತುದಿಯ ಎಣ್ಣೂರಿನಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಕಾರ್ಖಾನೆ, ಕೊಳವೆ ಮಾರ್ಗ, ಕಲ್ಲಿದ್ದಲು ಗುಡ್ಡೆ ಇತ್ಯಾದಿ ಇಟ್ಟುಕೊಂಡವರ ಅನುಕೂಲಕ್ಕಾಗಿ ಈ ಕೈಪಿಡಿ ಸಿದ್ಧವಾಗಿದೆ. ಇದರಲ್ಲಿ ಬರುವ ಸಂಸ್ಥೆ ಕಾಲ್ಪನಿಕ. ಎಣ್ಣೂರು ಕಾಲ್ಪನಿಕವಲ್ಲ, ದಿನಾಂಕಗಳೂ ಅಲ್ಲ. ಬೇರೆ ಊರಿನ ಗ್ರಾಹಕರು ಊರಿನ ಹೆಸರನ್ನು ಬದಲಿಸಿಕೊಂಡರೆ ಸಾಕು, ಉಳಿದದ್ದು ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಸಿಎಂಎಸ್. ಬರೆಯುವುದು, ತಿದ್ದುವುದು, ಒಪ್ಪಿಗೆ ಕೊಡುವುದು, ಪ್ರಕಟಿಸುವುದು, ಹಳೆಯದನ್ನು ಕಡತಕ್ಕೆ ಸೇರಿಸುವುದು ಎಲ್ಲ ಇದರ ಒಳಗೇ. ಡ್ರೂಪಲ್ 2001ರಲ್ಲಿ, ವರ್ಡ್‌ಪ್ರೆಸ್ 2003ರಲ್ಲಿ ಬಂದವು, ಎರಡೂ ಪುಕ್ಕಟೆ. ನೀವು ದುಬಾರಿಯದನ್ನೇ ಕೊಂಡಿದ್ದೀರಿ, ಸರಿಯಾದ ನಿರ್ಧಾರ. ಪುಕ್ಕಟೆ ಸಿಕ್ಕಿದ್ದಕ್ಕೆ ಉದ್ಘಾಟನಾ ಸಮಾರಂಭ ಮಾಡಲು ಬರುವುದಿಲ್ಲ.

ಒಂದು ಸಿಡಿಎನ್. ಹಾಲು ಬೇಕಾದವರೆಲ್ಲ ಡೇರಿಗೇ ಹೋಗಿ ಸಾಲು ನಿಲ್ಲದೆ ಬೀದಿ ಕೊನೆಯ ಬೂತಿನಲ್ಲಿ ಪ್ಯಾಕೆಟ್ ಕೊಳ್ಳುತ್ತಾರಲ್ಲ, ಅದೇ ಏರ್ಪಾಡು. ನಿಮ್ಮ ಪುಟದ ಪ್ರತಿಗಳು ಊರೂರಿನ ಸರ್ವರುಗಳಲ್ಲಿ ಮೊದಲೇ ಬಂದು ಕೂತಿರುತ್ತವೆ. ಕೇಳಿದವರಿಗೆ ಹತ್ತಿರದ ಸರ್ವರಿನಿಂದ ಸಿಗುತ್ತವೆ. ಅಂತರ್ಜಾಲದ ದಟ್ಟಣೆಗೆ ಪರಿಹಾರ ಹುಡುಕುತ್ತಿದ್ದ ಎಂಐಟಿಯ ಗಣಿತದ ಪ್ರಾಧ್ಯಾಪಕ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ ಸೇರಿ 1998ರಲ್ಲಿ ಅಕಮಾಯ್ ಕಂಪನಿ ಕಟ್ಟಿದ್ದು ಈ ಲೆಕ್ಕಾಚಾರದ ಮೇಲೆಯೇ. ಬೂತಿನಲ್ಲಿರುವ ಹಾಲು ಯಾವತ್ತಿನದು ಎಂಬ ಪ್ರಶ್ನೆಗೆ ಹಂತ 5 ನೋಡಿ.

ಒಂದು ಡ್ಯಾಶ್‌ಬೋರ್ಡ್. ಸದಾ ಹಸಿರು ಬಣ್ಣದಲ್ಲಿರುತ್ತದೆ.

ಜಾಗ ಮತ್ತು ವಿದ್ಯುತ್ ಸಂಪರ್ಕ

ಚೆನ್ನೈಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಭಾರತಕ್ಕೆ ಬರುವ ಸಮುದ್ರದಡಿಯ ಕೇಬಲ್ಲುಗಳು ಮುಂಬೈ ಬಿಟ್ಟರೆ ಹೆಚ್ಚಾಗಿ ದಡ ಸೇರುವುದು ಇಲ್ಲಿಯೇ. 2002ರಲ್ಲಿ ಶುರುವಾದ ಐಟುಐ ಕೇಬಲ್ ಸಿಂಗಪುರದಿಂದ ಸುಮಾರು 3,200 ಕಿಲೋಮೀಟರ್ ಸಮುದ್ರದಡಿ ಹಾದು ಚೆನ್ನೈಗೆ ಬರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಸಿಂಗಪುರದಲ್ಲಿ ಹೊರಟ ಅಕ್ಷರ 16 ಮಿಲಿಸೆಕೆಂಡಿನಲ್ಲಿ ಮದರಾಸಿನ ಮರಳು ಮುಟ್ಟುತ್ತದೆ. ಅಲ್ಲಿಂದ ಅಂಬತ್ತೂರಿನ ಡೇಟಾ ಸೆಂಟರು, ಸಿರುಸೇರಿಯ ಡೇಟಾ ಸೆಂಟರು ಕೂಗಳತೆಯ ದೂರ.

ವಿದ್ಯುತ್ತಿಗೂ ಕೊರತೆಯಿಲ್ಲ. ಎಣ್ಣೂರಿನ ಹಳೆಯ 450 ಮೆಗಾವಾಟ್ ಸ್ಥಾವರ 1970ರಿಂದ ಹೊಗೆಯಾಡಿ 2017ರಲ್ಲಿ ನಿಂತಿತು. ಅದು ಹೋದರೂ ಅತ್ತಿಪಟ್ಟುವಿನ ಉತ್ತರ ಚೆನ್ನೈ ಸ್ಥಾವರದ ಮೂರು ಹಂತಗಳು, ವಲ್ಲೂರಿನ 1,500 ಮೆಗಾವಾಟ್ ಎಲ್ಲ ಸೇರಿ 4,000 ಮೆಗಾವಾಟಿಗೂ ಮಿಕ್ಕಿದ ಸಾಮರ್ಥ್ಯ ಎಣ್ಣೂರಿನ ಅಳಿವೆಯ ಸುತ್ತ ನಿಂತಿದೆ. ಇಲ್ಲಿನ ಸ್ಥಾವರಗಳಿಗೆ ಕಲ್ಲಿದ್ದಲು ಇಳಿಸಲೆಂದೇ 2001ರಲ್ಲಿ ಎಣ್ಣೂರು ಬಂದರು ಆರಂಭವಾಯಿತು. ಈಗ ಅದರ ಹೆಸರು ಕಾಮರಾಜರ್ ಬಂದರು. ಸುಟ್ಟ ಕಲ್ಲಿದ್ದಲಿನ ಬೂದಿಯನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಸಾಗಿಸುತ್ತಾರೆ. ಕೊಳವೆ ಸೋರಿದಾಗ ಬೂದಿ ಕೊಸಸ್ತಲೈಯಾರ್ ನದಿಯ ತಳದಲ್ಲಿ ಕೂರುತ್ತದೆ, ಸಿಗಡಿ ಹಿಡಿಯುವವರ ಮೊಣಕಾಲಿಗೆ ಅಂಟುತ್ತದೆ. ಡೇಟಾ ಸೆಂಟರಿನ ನೆಲ ಮಾತ್ರ ಫಳಫಳ.

ಹಂತ 1: ಅನುಮೋದನೆಯ ಸರಪಳಿ ಜೋಡಿಸುವುದು

ಪುಟ ಎಷ್ಟು ಬೇಗ ತೆರೆಯುತ್ತದೆಯೋ ಪುಟಕ್ಕೆ ಸುದ್ದಿ ಅಷ್ಟು ನಿಧಾನವಾಗಿ ಬರಬೇಕು. ಸಮತೋಲನ ಎಂದರೆ ಇದೇ. ಅದಕ್ಕಾಗಿ ಸಿಎಂಎಸ್‌ನಲ್ಲಿ ‘ವರ್ಕ್‌ಫ್ಲೋ’ ಎಂಬ ಗುಂಡಿ ಇದೆ, ಒತ್ತಿ.

ರಾತ್ರಿ ಪಾಳಿಯ ಎಂಜಿನಿಯರಿಗೆ ‘ಕರಡು ಬರೆಯುವ’ ಅಧಿಕಾರ ಕೊಡಿ. ‘ಪ್ರಕಟಿಸುವ’ ಅಧಿಕಾರ ಯಾವ ಕಾರಣಕ್ಕೂ ಬೇಡ. ಕೊಳವೆಯ ಪಕ್ಕದಲ್ಲಿ ನಿಂತವನಿಗೆ ಒಟ್ಟಾರೆ ಚಿತ್ರ ಗೊತ್ತಿರುವುದಿಲ್ಲ. ಕರಡು ಅವನಿಂದ ಸುರಕ್ಷತಾ ಅಧಿಕಾರಿಗೆ, ಅಲ್ಲಿಂದ ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ, ಅಲ್ಲಿಂದ ಕಾನೂನು ವಿಭಾಗಕ್ಕೆ ಹೋಗಲಿ. ಕಾನೂನು ವಿಭಾಗ ‘ಸೋರಿಕೆ’ ಎಂಬ ಪದವನ್ನು ತೆಗೆದು ‘ಪ್ರಕ್ರಿಯೆಯಲ್ಲಿನ ಸಣ್ಣ ವ್ಯತ್ಯಯ’ ಎಂದು ತಿದ್ದಿ ಮುಖ್ಯ ಕಚೇರಿಗೆ ಕಳಿಸುತ್ತದೆ. ಮುಖ್ಯ ಕಚೇರಿಯ ಸಾಹೇಬರು ವಿಮಾನದಲ್ಲಿರುತ್ತಾರೆ. ಇಳಿದ ಮೇಲೆ ‘ಚರ್ಚಿಸಿ’ ಎಂದು ಬರೆಯುತ್ತಾರೆ. ಯಾರು ಯಾರೊಡನೆ ಎಂದು ಬರೆಯುವುದಿಲ್ಲ.

ಕೊನೆಗೆ ಕಡತ ವೆಬ್ ಗುತ್ತಿಗೆದಾರನಿಗೆ ತಲುಪುತ್ತದೆ. ಅವನ ಕರಾರಿನಲ್ಲಿ ‘ಎರಡು ಕೆಲಸದ ದಿನ’ ಎಂದಿದೆ. ಶನಿವಾರ, ಭಾನುವಾರ, ಪೊಂಗಲ್, ಕ್ರಿಸ್‌ಮಸ್ ಇವು ಕೆಲಸದ ದಿನಗಳಲ್ಲ. ಅಪಘಾತಗಳಿಗೆ ಈ ತಿಳುವಳಿಕೆ ಇಲ್ಲದಿರುವುದು ದುರದೃಷ್ಟಕರ.

ಹಂತ 2: ಬರೆಯುವುದು

ಆಧುನಿಕ ಸಿಎಂಎಸ್‌ನ ದೊಡ್ಡ ಗುಣ, ಒಮ್ಮೆ ಬರೆದ ತುಣುಕನ್ನು ಎಷ್ಟು ಕಡೆ ಬೇಕಾದರೂ ಮತ್ತೆ ಬಳಸಬಹುದು. ಆದ್ದರಿಂದ ಈ ತುಣುಕುಗಳನ್ನು ಇವತ್ತೇ ಬರೆದಿಟ್ಟುಕೊಳ್ಳಿ: ‘ಪರಿಸ್ಥಿತಿ ಸಂಪೂರ್ಣ ಹತೋಟಿಯಲ್ಲಿದೆ’, ‘ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ’, ‘ಪರಿಸರಕ್ಕೆ ಯಾವುದೇ ಹಾನಿಯಾಗಿಲ್ಲ’. ಘಟನೆ ಆಮೇಲೆ ನಡೆದರೂ ನಡೆಯುತ್ತದೆ.

ಬಳಕೆಯ ಮಾದರಿಗೆ 2017ರ ಜನವರಿ 28ನ್ನು ನೋಡಬಹುದು. ಅಂದು ನಸುಕಿನಲ್ಲಿ ಬಂದರಿನ ಹೊರಗೆ ಬಿ.ಡಬ್ಲ್ಯು. ಮೇಪಲ್ ಮತ್ತು ಡಾನ್ ಕಾಂಚೀಪುರಂ ಎಂಬ ಎರಡು ಹಡಗುಗಳು ಡಿಕ್ಕಿಯಾದವು. ಬಂದರಿನ ಮೊದಲ ಪ್ರಕಟಣೆಯಲ್ಲಿ ಪರಿಸರಕ್ಕೆ ಹಾನಿಯಿಲ್ಲ ಎಂದಿತ್ತು. ಪ್ರಕಟಣೆ ಬೇಗ ಬಂತು, ಎಣ್ಣೆ ಸ್ವಲ್ಪ ತಡವಾಗಿ ಬಂತು. ಎರ್ಣಾವೂರಿನ ಕಡಲತೀರದ ಬಂಡೆಗಳ ಸಂದಿಯಲ್ಲಿ ಡಾಂಬರಿನಂಥ ಕಪ್ಪು ರಾಡಿ ಕೂತಿತು. ಮೊದಲು ಸುಮಾರು 20 ಟನ್ ಎಂದಿದ್ದ ಅಂದಾಜು ಕೊನೆಗೆ 196 ಟನ್‌ಗೆ ಬಂದು ನಿಂತಿತು. ಪಂಪುಗಳು ಆ ಗಟ್ಟಿ ರಾಡಿಯನ್ನು ಎಳೆಯಲು ಒದ್ದಾಡಿದವು; ಕರಾವಳಿ ಕಾವಲು ಪಡೆಯವರು, ಮೀನುಗಾರರು, ಕಾಲೇಜು ಹುಡುಗರು ಸಾಲಾಗಿ ನಿಂತು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೈಯಿಂದ ಕೈಗೆ ದಾಟಿಸಿ ತೆಗೆದರು.

ಸ್ಪರ್ಧಿಗಳ ಬಗ್ಗೆ ಎಚ್ಚರವಿರಲಿ. ಆ ಡಿಕ್ಕಿಗೆ ಸರಿಯಾಗಿ ಎರಡು ವಾರ ಮೊದಲು, ಜನವರಿ 14ರಂದು, ‘ಚೆನ್ನೈ ಪೊರಂಬೋಕ್ ಪಾಡಲ್’ ಎಂಬ ಹಾಡು ಯೂಟ್ಯೂಬಿಗೆ ಬಂದಿತ್ತು. ಕಬೀರ್ ವಾಸುಕಿ ಬರೆದದ್ದು, ಟಿ.ಎಂ. ಕೃಷ್ಣ ಎಣ್ಣೂರಿನ ಅಳಿವೆಯ ದಂಡೆಯಲ್ಲೇ ನಿಂತು ಹಾಡಿದ್ದು. ಬೂದಿ ಎಲ್ಲಿ ಹೋಯಿತು, ನೀರು ಎಲ್ಲಿ ಹೋಯಿತು ಎಂಬ ಸಂಗತಿ ಯಾವ ಇಲಾಖೆಯ ಪುಟಕ್ಕಿಂತಲೂ ವೇಗವಾಗಿ, ತಮಿಳು ಬಾರದ ನಮ್ಮಂಥವರಿಗೂ ಆ ಹಾಡಿನಿಂದ ಮುಟ್ಟಿತು. ಅದಕ್ಕೆ ಅನುಮೋದನೆಯ ಸರಪಳಿ ಇರಲಿಲ್ಲ. ಇದನ್ನು ನಮ್ಮ ತಾಂತ್ರಿಕ ವಿಭಾಗ ಅನ್ಯಾಯದ ಸ್ಪರ್ಧೆ ಎಂದು ಪರಿಗಣಿಸುತ್ತದೆ.

ಹಂತ 3: ಆವೃತ್ತಿಗಳ ನಿರ್ವಹಣೆ

ಒಳ್ಳೆಯ ಸಿಎಂಎಸ್ ಪ್ರತಿ ದಾಖಲೆಯ ಪ್ರತಿ ಆವೃತ್ತಿಯನ್ನೂ ಕಾಪಾಡುತ್ತದೆ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದು ಅದರಲ್ಲಿ ದಾಖಲಾಗುತ್ತದೆ. ಈ ಸೌಲಭ್ಯವನ್ನು ತಕ್ಷಣ ಆಫ್ ಮಾಡಿ.

ಕಾರಣ ಇಷ್ಟೇ. 1996ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಕರಾವಳಿ ನಕ್ಷೆಯಲ್ಲಿ ಎಣ್ಣೂರಿನ ಅಳಿವೆ ಸಂರಕ್ಷಿತ ಜಲಪ್ರದೇಶ. 6,000 ಎಕರೆಗೂ ಹೆಚ್ಚು. ಆನಂತರದ ಮತ್ತೊಂದು ನಕ್ಷೆಯಲ್ಲಿ ಅಳಿವೆಯೇ ಇಲ್ಲ. ಎರಡು ನಕ್ಷೆಗಳಿವೆ ಎಂಬ ಸಂಗತಿ 2017ರಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ ಕಾರ್ಯಕರ್ತರಿಂದ ಬಯಲಾಯಿತು. ಉಬ್ಬರದಲ್ಲಿ ನೀರು ಬರುತ್ತದೆ, ಇಳಿತದಲ್ಲಿ ಹೋಗುತ್ತದೆ, ಮೀನುಗಾರ ದೋಣಿ ನೂಕುತ್ತಾನೆ, ಆದರೆ ಕಾಗದದ ಪ್ರಕಾರ ಅವನು ನಿಂತಿರುವುದು ಒಣನೆಲದ ಮೇಲೆ. ಎರಡೂ ಆವೃತ್ತಿ ಒಂದೇ ಪರದೆಯ ಮೇಲೆ ಅಕ್ಕಪಕ್ಕ ಬಂದರೆ ಪ್ರಶ್ನೆ ಏಳುತ್ತದೆ. ಅವು ಬೇರೆಬೇರೆ ಬೀರುಗಳಲ್ಲಿದ್ದರೆ ಕ್ಷೇಮ.

ಹಂತ 4: ಭಾಷೆ ಮತ್ತು ತೂಕ

ವೇಗ ಬೇಕೆಂದರೆ ಪುಟ ಹಗುರವಾಗಿರಬೇಕು ಎಂದು ತಂತ್ರಜ್ಞರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ‘ಎಣ್ಣೂರು’ ಎಂದು ಕನ್ನಡದಲ್ಲಿ ಬರೆಯಲು ಯೂನಿಕೋಡಿನ ಏಳು ಸಂಕೇತಗಳು ಬೇಕು. ಒಂದೊಂದಕ್ಕೆ ಮೂರು ಬೈಟ್, ಒಟ್ಟು 21 ಬೈಟ್. ತಮಿಳಿನ ಸಂಕೇತಗಳಿಗೂ ಅದೇ ಮೂರು ಬೈಟಿನ ಲೆಕ್ಕ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್. ಆದ್ದರಿಂದ ಸ್ಥಳೀಯ ಭಾಷೆ ಭಾರ, ಇಂಗ್ಲಿಷ್ ಹಗುರ ಎಂದು ನಿಮ್ಮ ಟಿಪ್ಪಣಿಯಲ್ಲಿ ದಾಖಲಿಸಿ. ಬಳಿಕ ಇಂಗ್ಲಿಷ್ ಸುತ್ತೋಲೆಯನ್ನು ಮುದ್ರಿಸಿ, ಸೀಲು ಹಾಕಿ, ಸಹಿ ಮಾಡಿ, ಸ್ವಲ್ಪ ಓರೆಯಾಗಿ ಸ್ಕ್ಯಾನ್ ಮಾಡಿ, ನಾಲ್ಕು ಎಂಬಿಯ ಪಿಡಿಎಫ್ ಮಾಡಿ ಏರಿಸಿ. ಅಷ್ಟು ಜಾಗದಲ್ಲಿ ‘ಎಣ್ಣೂರು’ ಎಂಬ ಪದವನ್ನು ಹೆಚ್ಚುಕಡಿಮೆ 2 ಲಕ್ಷ ಸಲ ಬರೆಯಬಹುದಿತ್ತು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಸ್ಕ್ಯಾನ್ ಮಾಡಿದ ಚಿತ್ರದೊಳಗಿನ ಅಕ್ಷರಗಳು ಹಾಗೆಯೇ ಹುಡುಕಾಟಕ್ಕೆ ಸಿಗುವುದಿಲ್ಲ, ಕಣ್ಣು ಕಾಣದವರ ಓದು ತಂತ್ರಾಂಶಕ್ಕೂ ದಕ್ಕುವುದಿಲ್ಲ. ಸರ್ಕಾರಿ ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕು ಎಂಬ ಕೇಂದ್ರದ ಮಾರ್ಗಸೂಚಿ 2009ರಿಂದಲೇ ಇದೆ. ಅದನ್ನೂ ಪಿಡಿಎಫ್‌ನಲ್ಲಿ ಓದಬಹುದು.

ಈ ಹಂತದಲ್ಲಿ ಹಿರಿಯರ ಮೇಲ್ಪಂಕ್ತಿಯೂ ಇದೆ. 2020ರ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆ ಇಡೀ ದೇಶದ ಜನರ ಅಭಿಪ್ರಾಯ ಕೇಳಲು ಹೊರಟಿತು, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಆ ವರ್ಷ ಜೂನ್ 30ರಂದು ದೆಹಲಿ ಹೈಕೋರ್ಟ್ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅದನ್ನು ತರ್ಜುಮೆ ಮಾಡಿ ಎಂದಿತು. ಕರ್ನಾಟಕ ಹೈಕೋರ್ಟಿನಲ್ಲೂ ಕನ್ನಡದ ಪ್ರಶ್ನೆ ಎದ್ದಿತು. ಕರಡಿನ ಪುಟ ತೆರೆಯಲು ತಡವಾಗುತ್ತಿದೆ ಎಂದು ಯಾರೂ ಕೋರ್ಟಿಗೆ ಹೋಗಿರಲಿಲ್ಲ.

ಹಂತ 5: ಕ್ಯಾಶೆ (ಕೂಡಿಟ್ಟ ಪ್ರತಿ)

ಬೂತಿನ ಹಾಲಿನ ಪ್ರಶ್ನೆಗೆ ಬರೋಣ. ಪ್ರತಿ ಪುಟಕ್ಕೂ ಒಂದು ಆಯಸ್ಸು ನಿಗದಿ ಮಾಡಬೇಕು. 86,400 ಸೆಕೆಂಡು ಎಂದು ಬರೆದರೆ ಒಂದು ದಿನ. ಆ ದಿನವಿಡೀ ಸಿಡಿಎನ್ ಮೂಲ ಸರ್ವರನ್ನು ಕೇಳದೆ ತನ್ನ ಬಳಿಯ ಪ್ರತಿಯನ್ನೇ ಹಂಚುತ್ತದೆ. ನಿಮ್ಮ ಮುಖಪುಟದ ಗಿಡ ನೆಡುವ ಫೋಟೋಗೆ ಇದು ಸರಿ. ಆ ಗಿಡ ಒಣಗಿದರೂ ಫೋಟೋ ಒಣಗುವುದಿಲ್ಲ. ‘ಇಂದಿನ ಸುರಕ್ಷತಾ ಸ್ಥಿತಿ: ಸಾಮಾನ್ಯ’ ಎಂಬ ಸಾಲಿಗೂ ಅದೇ ಒಂದು ದಿನದ ಆಯಸ್ಸು ಕೊಟ್ಟುಬಿಡಿ. ಕಾರ್ಖಾನೆಯಲ್ಲಿ ಏನೇ ಆಗಿರಲಿ, ಬೆಳಗಿನವರೆಗೂ ಲೋಕಕ್ಕೆಲ್ಲ ‘ಸಾಮಾನ್ಯ’ವೇ ಕಾಣುತ್ತದೆ, ಅದೂ 50 ಮಿಲಿಸೆಕೆಂಡಿನಲ್ಲಿ.

ಹಳೆಯ ಪ್ರತಿಯನ್ನು ಅವಧಿಗೆ ಮೊದಲೇ ಅಳಿಸುವ ‘ಪರ್ಜ್’ ಎಂಬ ಗುಂಡಿಯೂ ಉಂಟು. ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಊರುಗಳ ಸರ್ವರಿನಲ್ಲೂ ಹೊಸದು ಕೂರುತ್ತದೆ. ಅದರ ಪಾಸ್‌ವರ್ಡ್ ಹಿಂದಿನ ಗುತ್ತಿಗೆದಾರನ ಹುಡುಗನೊಬ್ಬನ ಬಳಿ ಇದೆ. ಅವನು ಈಗ ಬೆಂಗಳೂರಿನಲ್ಲಿ ಬೇರೆ ಕೆಲಸ ಹಿಡಿದಿದ್ದಾನೆ. ಒಳ್ಳೆಯ ಹುಡುಗ.

ಹಂತ 6: ಅಳತೆ

ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಗೂಗಲ್ ಅದನ್ನು ‘ಉತ್ತಮ’ ಎನ್ನುತ್ತದೆ. ಅಳೆಯುವ ವಿಧಾನಗಳು ಎರಡು. ಒಂದು, ಡೇಟಾ ಸೆಂಟರಿನಲ್ಲಿರುವ ಯಂತ್ರವೇ ಪಕ್ಕದ ಯಂತ್ರವನ್ನು ಕೇಳಿ ನೋಡುವುದು. ಎರಡು, ನಿಜವಾದ ಬಳಕೆದಾರರ ಫೋನಿನಲ್ಲಿ ಎಷ್ಟು ಹೊತ್ತು ಹಿಡಿಯಿತೆಂದು ಲೆಕ್ಕ ಇಡುವುದು. ಮೊದಲನೆಯದನ್ನೇ ಆರಿಸಿ. ಎರಡನೆಯದರಲ್ಲಿ ಎಣ್ಣೂರಿನ ಪೆರಿಯಕುಪ್ಪಂನ ಮೀನು ಮಾರುವ ಹೆಂಗಸಿನ ಬಿರುಕುಬಿಟ್ಟ ಪರದೆಯ ಫೋನು, ಒಂದೇ ಕಡ್ಡಿ ಸಿಗ್ನಲ್ಲು, ಮುಗಿಯುತ್ತ ಬಂದ ಡೇಟಾ ಪ್ಯಾಕು ಎಲ್ಲ ಲೆಕ್ಕಕ್ಕೆ ಬಂದು ಡ್ಯಾಶ್‌ಬೋರ್ಡಿನ ಹಸಿರು ಕೆಡುತ್ತದೆ.

ಅಂತಿಮ ಪರೀಕ್ಷೆ

ಅಳವಡಿಕೆ ಸರಿಯಾಗಿದೆಯೇ ಎಂದು ತಿಳಿಯಲು 2023ರ ಡಿಸೆಂಬರ್ ತಿಂಗಳು ಎಣ್ಣೂರಿನಲ್ಲಿ ಎರಡು ಅವಕಾಶ ಒದಗಿಸಿತು. ತಿಂಗಳ ಮೊದಲ ವಾರ ಮಿಚಾಂಗ್ ಚಂಡಮಾರುತದ ನೆರೆಯೊಡನೆ ಮಣಲಿಯ ಕಡೆಯಿಂದ ಎಣ್ಣೆ ಬಕಿಂಗ್‌ಹ್ಯಾಂ ಕಾಲುವೆಗಿಳಿದು ಅಳಿವೆಗೆ ಹರಡಿ ಮನೆ, ಬಲೆ, ದೋಣಿ ಎಲ್ಲಕ್ಕೂ ಮೆತ್ತಿತು. ಅದನ್ನು ಒರೆಸಿ ಮುಗಿಯುವ ಮೊದಲೇ 26ರ ರಾತ್ರಿ ಎರಡನೆಯದು ಬಂತು.

ಅವತ್ತು ಮಂಗಳವಾರ, ನಡುರಾತ್ರಿಗೆ ಸ್ವಲ್ಪ ಮುಂಚೆ. ಹಡಗಿನಿಂದ ಗೊಬ್ಬರದ ಕಾರ್ಖಾನೆಗೆ ಅಮೋನಿಯ ಸಾಗಿಸಲು ಸಮುದ್ರದಡಿ ಹಾಕಿದ ಕೊಳವೆಯಲ್ಲಿ ಸೋರಿಕೆಯಾಯಿತು. ಪೆರಿಯಕುಪ್ಪಂ, ಚಿನ್ನಕುಪ್ಪಂ ಸುತ್ತ ಮಲಗಿದ್ದವರು ಕೆಮ್ಮುತ್ತ ಎದ್ದರು. ಕಣ್ಣು ಉರಿ, ಗಂಟಲು ಕಟ್ಟು. ಅಕ್ಕಪಕ್ಕದವರು ಬಾಗಿಲು ಬಡಿದರು, ನೆಂಟರಿಗೆ ಫೋನು ಹಚ್ಚಿದರು, ಮಕ್ಕಳನ್ನು ಎತ್ತಿಕೊಂಡು ಆಟೋ, ಬೈಕು, ಸಿಕ್ಕಿದ್ದರಲ್ಲಿ ಹೊರಟರು. ಹತ್ತಾರು ಜನ ಆಸ್ಪತ್ರೆ ಸೇರಿದರು. ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

ಈಗ ನಮ್ಮ ಕಾಲ್ಪನಿಕ ಸಂಸ್ಥೆಯ ಜಾಲತಾಣವನ್ನು ಆ ರಾತ್ರಿಯ ಮೇಲೆ ಇಟ್ಟು ನೋಡಿ. ಸರ್ವರ್ ಸುಸ್ಥಿತಿಯಲ್ಲಿದೆ. ಪುಟ ತೆರೆಯಲು ಹಿಡಿದ ಸಮಯ ಅತ್ಯುತ್ತಮ. ಪಾಳಿ ಎಂಜಿನಿಯರ್ ಕರಡು ಬರೆದಿದ್ದಾನೆ. ಅದು ಸುರಕ್ಷತಾ ಅಧಿಕಾರಿಯ ಮೇಲ್‌ಬಾಕ್ಸಿನಲ್ಲಿ ಕೂತಿದೆ. ಮುಖಪುಟದಲ್ಲಿ ಗಿಡ ನೆಡುವ ಫೋಟೋ ಇದೆ, ‘ಸಾಮಾನ್ಯ’ ಎಂಬ ಪದ ಇದೆ. ಪರೀಕ್ಷೆಯಲ್ಲಿ ನಿಮ್ಮ ವ್ಯವಸ್ಥೆ ನೂರಕ್ಕೆ ನೂರು ತೆಗೆದುಕೊಂಡಿದೆ.

ದೋಷ ಮತ್ತು ಪರಿಹಾರ

ದೋಷ: ಜನ ಜಾಲತಾಣ ನೋಡುತ್ತಲೇ ಇಲ್ಲ, ವಾಟ್ಸಾಪಿನ ಸುದ್ದಿಯನ್ನೇ ನಂಬುತ್ತಾರೆ. ಪರಿಹಾರ: ವದಂತಿಗಳನ್ನು ನಂಬಬೇಡಿ ಎಂದು ಜಾಲತಾಣದಲ್ಲಿ ಹಾಕಿ.

ದೋಷ: ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕಂತೆ. ಪರಿಹಾರ: ‘ಶೀಘ್ರದಲ್ಲಿ ನಿರೀಕ್ಷಿಸಿ’ ಎಂಬ ಪುಟ ಮಾಡಿ. ಅದೂ ಒಂದು ಮಾಹಿತಿಯೇ.

ದೋಷ: ಒಂದೇ ಪ್ರದೇಶದ ಎಲ್ಲ ಫೋನುಗಳಿಗೂ ಒಟ್ಟಿಗೆ ಎಚ್ಚರಿಕೆ ಕಳಿಸುವ ಸೆಲ್ ಬ್ರಾಡ್‌ಕಾಸ್ಟ್ ತಂತ್ರವನ್ನು ಸರ್ಕಾರ 2023ರಲ್ಲೇ ಪ್ರಯೋಗ ಮಾಡಿತಲ್ಲ, ನಾವೇಕೆ ಕೈಜೋಡಿಸಬಾರದು ಎಂದು ಹೊಸ ಅಧಿಕಾರಿ ಕೇಳುತ್ತಿದ್ದಾರೆ. ಪರಿಹಾರ: ಆ ಅಧಿಕಾರಿಯನ್ನು ಸಮಿತಿಯೊಂದರ ಸದಸ್ಯರನ್ನಾಗಿ ಮಾಡಿ.

ವಾರಂಟಿ

ಪುಟ ತಡವಾಗಿ ತೆರೆದರೆ ಕಂಪನಿ ಹೊಣೆ. ಸುದ್ದಿ ತಡವಾಗಿ ತಲುಪಿದರೆ ಹೊಣೆಯಲ್ಲ.

ಇಲ್ಲಿಗೆ ಕೈಪಿಡಿ ಮುಗಿಯಿತು. ತಮಾಷೆಯನ್ನು ಬದಿಗಿಟ್ಟು ಎರಡು ಮಾತು.

1984ರ ಭೋಪಾಲ ಅನಿಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 41-ಬಿ ಎಂಬ ಸೆಕ್ಷನ್ ಸೇರಿತು. ಅಪಾಯಕಾರಿ ಕಾರ್ಖಾನೆ ತನ್ನೊಳಗಿನ ಅಪಾಯವೇನು, ಅದರಿಂದ ಪಾರಾಗುವುದು ಹೇಗೆ ಎಂಬುದನ್ನು ಕಾರ್ಮಿಕರಿಗಷ್ಟೇ ಅಲ್ಲ, ನೆರೆಹೊರೆಯ ಜನರಿಗೂ ತಿಳಿಸಬೇಕು ಎನ್ನುತ್ತಿತ್ತು ಅದು; 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಆ ಕಾಯ್ದೆಯ ಜಾಗಕ್ಕೆ ಬಂತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಲ್ಲಿ 15ನೆಯದು, ದುರಂತದಲ್ಲಿ ಸಿಲುಕಬಹುದಾದ ಹೊರಗಿನವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮುಂಚಿತವಾಗಿಯೇ ತಿಳಿಸಿರಬೇಕು ಎನ್ನುತ್ತದೆ. ಅದೇ 1989ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ವೆಬ್‌ನ ಮೊದಲ ಪ್ರಸ್ತಾವ ಬರೆದರು. ನಿಯಮಕ್ಕೂ ವೆಬ್‌ಗೂ ಒಂದೇ ವಯಸ್ಸು. ವೆಬ್ ಲೋಕವನ್ನೆಲ್ಲ ಸುತ್ತಿ ಬಂತು. ನಿಯಮ ಕಾರ್ಖಾನೆಯ ಗೇಟು ದಾಟಲು ಇನ್ನೂ ಹೆಣಗುತ್ತಿದೆ.

ಅಮೋನಿಯ ಸೋರಿದಾಗ ಹೊರಗಿರುವವನಿಗೆ ಮೊದಲು ಬೇಕಾದ ಸುದ್ದಿ ಇಷ್ಟು: ‘ಮೂಗಿಗೆ ಒದ್ದೆ ಬಟ್ಟೆ ಕಟ್ಟಿ. ಗಾಳಿಗೆ ಅಡ್ಡಲಾಗಿ ನಡೆಯಿರಿ.’ ಕನ್ನಡದಲ್ಲಿ ಇದು 150 ಬೈಟ್‌ಗೂ ಕಡಿಮೆ. ಇದಕ್ಕೆ ಸಿಡಿಎನ್ ಬೇಡ, ಡ್ಯಾಶ್‌ಬೋರ್ಡ್ ಬೇಡ. ಮೊದಲೇ ಬರೆದು ಒಪ್ಪಿಗೆ ಪಡೆದಿಟ್ಟ ಎರಡು ಸಾಲು, ಅದನ್ನು ಯಾರ ಅಪ್ಪಣೆಗೂ ಕಾಯದೆ ಹೊರಡಿಸುವ ಅಧಿಕಾರ ಪಾಳಿಯಲ್ಲಿರುವ ಒಬ್ಬ ಮನುಷ್ಯನಿಗೆ, ಗೋಡೆಯಾಚೆಯವರಿಗೂ ಕೇಳುವ ಸೈರನ್ನು, ವರ್ಷಕ್ಕೆರಡು ಸಲ ಊರಿನವರ ಜೊತೆ ತಾಲೀಮು. ವೇಗದ ತಂತ್ರಜ್ಞಾನ ಬೇಡವೆಂದಲ್ಲ. ಇಷ್ಟು ಇದ್ದಾಗ ಮಾತ್ರ ಅದಕ್ಕೆ ಹೊತ್ತೊಯ್ಯಲು ಏನಾದರೂ ಇರುತ್ತದೆ.

ಸುರತ್ಕಲ್ಲಿನಲ್ಲಿ, ಶಕ್ತಿನಗರದಲ್ಲಿ, ಪೀಣ್ಯದಲ್ಲಿ ಕಾರ್ಖಾನೆಯ ಗೋಡೆಗೆ ಗೋಡೆ ಹಚ್ಚಿ ಬದುಕುವ ಓದುಗರು ಈ ವಾರವೇ ಒಂದು ಕೆಲಸ ಮಾಡಿ. ಆ ಕಾರ್ಖಾನೆಯ ಜಾಲತಾಣವನ್ನು ನಿಮ್ಮ ಫೋನಿನಲ್ಲಿ ತೆರೆಯಿರಿ. ಸೋರಿಕೆಯಾದರೆ ಎತ್ತ ಓಡಬೇಕು ಎಂಬುದು ಕನ್ನಡದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ 1989ರ ನಿಯಮಗಳಲ್ಲಿ 15ನೆಯದನ್ನು ಹೆಸರಿಸಿ ಕಾರ್ಖಾನೆಗೊಂದು, ಕಾರ್ಖಾನೆಗಳ ಇಲಾಖೆಗೊಂದು ಅರ್ಜಿ ಹಾಕಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.